ಎರಡು ಅಡಿ ಎತ್ತರಿಸಿಬಿಟ್ರೆ ನೀರು ಎಲ್ಲಿಗೆ ಹೋಗುತ್ತೆ?

ಸೈಟಿನ ಮಟ್ಟ, ವಾಟ, ಚರಂಡಿ. ಇವತ್ತಿನ ವಿಷಯ ಇಷ್ಟೇ, ಕೇಳೋಕೆ ಸ್ವಲ್ಪ ಒಣ ಅನ್ನಿಸಬಹುದು. ಆದ್ರೆ ಬ್ರೂಕ್‌ಫೀಲ್ಡ್, ಕುಂದಲಹಳ್ಳಿ, ಮಾರತ್‌ಹಳ್ಳಿ ಕಡೆ ಮನೆ ಮಾಡಿರೋರು, ಪಿಜಿಯಲ್ಲಿರೋರು, ಗ್ರೌಂಡ್ ಫ್ಲೋರಲ್ಲಿ ಅಂಗಡಿ ಇಟ್ಟಿರೋರು ಪೂರ್ತಿ ಕೇಳಿ.

ಮೊದಲು ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ ಅದು 1 ಲೀಟರ್ ನೀರು. ಥರ್ಟಿ-ಫಾರ್ಟಿ ಸೈಟು, ಅಂದ್ರೆ 1200 ಚದರ ಅಡಿ, ಸುಮಾರು 111 ಚದರ ಮೀಟರ್. 2022ರ ಸೆಪ್ಟೆಂಬರ್ 5ರ ಬೆಳಗ್ಗೆವರೆಗಿನ 24 ಗಂಟೆಯಲ್ಲಿ ಬೆಂಗಳೂರು ನಗರದಲ್ಲಿ ದಾಖಲಾದ ಮಳೆ 131.6 ಮಿಲಿಮೀಟರ್. ಗುಣಿಸಿ ನೋಡಿ, ಒಂದೇ ಒಂದು ಥರ್ಟಿ-ಫಾರ್ಟಿ ಸೈಟಿನ ಮೇಲೆ ಹದಿನಾಲ್ಕೂವರೆ ಸಾವಿರ ಲೀಟರ್ ನೀರು. 12,000 ಲೀಟರಿನ ಟ್ಯಾಂಕರನ್ನ ನಿಮ್ಮ ಗೇಟಿನೊಳಗೆ ಖಾಲಿ ಮಾಡಿ, ಸಾಲದು ಅಂತ ಇನ್ನೂ ಎರಡೂವರೆ ಸಾವಿರ ಲೀಟರ್ ಸುರಿದ ಹಾಗೆ.

ಆ ವಾರ ನಿಮಗೆ ನೆನಪಿರುತ್ತೆ. ಬೆಳ್ಳಂದೂರು, ಯಮಲೂರು ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರು. ಅದಕ್ಕೂ ಮುಂಚೆ ಆಗಸ್ಟ್ 30ರ ಒಂದೇ ದಿನದ ಮಳೆ, ಟ್ರಾಫಿಕ್ಕಿಗೆ 225 ಕೋಟಿ ರೂಪಾಯಿ ನಷ್ಟ ಆಯ್ತು ಅಂತ ಔಟರ್ ರಿಂಗ್ ರೋಡಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ಇನ್ನೊಂದು ವಿಚಿತ್ರ ಏನಂದ್ರೆ, ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ಟಿ.ಕೆ.ಹಳ್ಳಿಯ ಪಂಪ್‌ಹೌಸಿಗೆ ನೀರು ನುಗ್ಗಿ ಬೆಂಗಳೂರಿನ ಎಷ್ಟೋ ಕಡೆ ಕಾವೇರಿ ನೀರೇ ನಿಂತುಹೋಯ್ತು. ಬೀದಿ ತುಂಬಾ ನೀರು, ನಲ್ಲಿಯಲ್ಲಿ ಇಲ್ಲ.

ರಾಜಕಾಲುವೆ ಒತ್ತುವರಿ ಬಗ್ಗೆ ಎಲ್ರೂ ಮಾತಾಡ್ತಾರೆ, ಮಾತಾಡಲೇಬೇಕು. ನಾನು ಇವತ್ತು ಹೇಳೋದು ಗೇಟಿನ ಒಳಗಿನ ಕಥೆ. ಇಲ್ಲಿ ತಪ್ಪು ನಡೆಯೋದು ಒಂದು ವಾಕ್ಯದಿಂದ. ಹೊಸ ಮನೆ ಕಟ್ಟುವಾಗ ಮೇಸ್ತ್ರಿ ಹೇಳ್ತಾರೆ: "ಸಾರ್, ರೋಡಿಗಿಂತ ಎರಡು ಅಡಿ ಎತ್ತರ್ಸಿಬಿಡೋಣ, ಆಮೇಲೆ ನಿಮಗೆ ಚಿಂತೆನೇ ಇಲ್ಲ." ಓನರ್ ತಲೆ ಆಡಿಸ್ತಾರೆ. ಎಲ್ಲೋ ಒಡೆದ ಕಟ್ಟಡದ ಡೆಬ್ರಿ ನಾಲ್ಕು ಲೋಡ್ ಬಂದು ಬೀಳುತ್ತೆ. ಜೆಸಿಬಿ ಹರಡುತ್ತೆ, ಮೇಲೆ ಪೇವರ್ ಕೂರುತ್ತೆ.

ಎರಡು ವರ್ಷ ಆರಾಮ. ಆಮೇಲೆ ರಸ್ತೆಗೆ ಹೊಸ ಟಾರು ಬೀಳುತ್ತೆ, ಹಳೇ ಟಾರು ಕೆರೆಯದೆ ಅದರ ಮೇಲೇ. ರಸ್ತೆ ಒಂದಿಷ್ಟು ಮೇಲೆ ಬಂತು. ಪಕ್ಕದ ಸೈಟಿನವರು ನಿಮ್ಮನ್ನ ನೋಡಿ ಎರಡೂವರೆ ಅಡಿ ಎತ್ತರಿಸಿದ್ರು. ಈಗ ತಗ್ಗಿನಲ್ಲಿರೋದು ನೀವು. ಇದು ಗೆಲ್ಲೋಕಾಗದ ಓಟ, ಯಾಕಂದ್ರೆ ಎತ್ತರ ಅನ್ನೋದು ಯಾವತ್ತೂ ಪಕ್ಕದವರ ಮೇಲೆ ನಿಂತಿರೋ ಲೆಕ್ಕ. ನಾನು ಓದಿದ್ದು ಬಿ.ಕಾಂ., ಅದಕ್ಕೇ ನನಗಿದು ಡಬಲ್ ಎಂಟ್ರಿ ಥರಾನೇ ಕಾಣುತ್ತೆ. ನನ್ನ ಸೈಟಿಂದ ಹೊರಗೆ ತಳ್ಳಿದ ನೀರು ಮಾಯ ಆಗಲ್ಲ, ಇನ್ಯಾರದೋ ಖಾತೆಗೆ ಜಮಾ ಆಗುತ್ತೆ.

ಕಾನೂನು ಏನು ಹೇಳುತ್ತೆ? 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಇದು ಉದಾಹರಣೆಯಾಗೇ ಇದೆ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯೋಕೆ ಕೆಳಗಿನವರು ಬಿಡಬೇಕು. ಗಮನಿಸಬೇಕಾದ ಪದ 'ಸಹಜವಾಗಿ'. ತಾರಸಿ ನೀರನ್ನೆಲ್ಲಾ ಒಂದು ಪೈಪಿಗೆ ಸೇರಿಸಿ ಪಕ್ಕದವರ ಕಾಂಪೌಂಡಿನ ಬುಡಕ್ಕೆ ಬಿಟ್ಟು "ನೀರು ಇಳಿಜಾರಿಗೆ ಹೋಗುತ್ತೆ, ನಾವೇನು ಮಾಡೋಣ" ಅನ್ನೋದು ಆ ಮಾತಿಗೆ ಒಗ್ಗಲ್ಲ.

ಹಾಗಾದ್ರೆ ಸರಿಯಾಗಿ ಕೆಲಸ ಮಾಡೋರು ಎಲ್ಲಿಂದ ಶುರು ಮಾಡ್ತಾರೆ? ಕೊನೆಯಿಂದ. ನೀರು ಕಡೆಗೆ ಸೇರೋ ಜಾಗ ಯಾವುದು, ಅದರ ತಳ ಎಷ್ಟು ಆಳದಲ್ಲಿದೆ ಅನ್ನೋದು ಮೊದಲ ಪ್ರಶ್ನೆ. ಬೀದಿ ಚರಂಡಿಯ ತಳಾನೇ ನಿಮ್ಮ ಅಂಗಳಕ್ಕಿಂತ ಮೇಲಿದ್ರೆ ಎಷ್ಟು ಒಳ್ಳೆ ಪೇವರ್ ಹಾಕಿದ್ರೂ ನೀರು ವಾಪಸ್ ಬರುತ್ತೆ. ಸರ್ವೆಯವರು ಟೋಟಲ್ ಸ್ಟೇಷನ್ ಇಟ್ಟು ಸೈಟಿನ ಮೂಲೆಗಳು, ಗೇಟು, ರಸ್ತೆಯ ನಡು, ಚರಂಡಿಯ ತಳ ಎಲ್ಲದರ ಮಟ್ಟ ತಗೋತಾರೆ. ಸಣ್ಣ ಸೈಟಿಗೆ ಅಷ್ಟೆಲ್ಲಾ ಬೇಡ ಅಂದ್ರೆ ಮೇಸ್ತ್ರಿಗಳ ಹತ್ರ ಇರೋ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ, ಅಲ್ಲಿಂದ ಕೆಳಕ್ಕೆ ಟೇಪ್ ಹಿಡಿದು ಅಳೆಯೋದು. ಇಷ್ಟು ಅಗ್ಗದ ಉಪಕರಣ ಕೈಲಿದ್ದೂ ಎಷ್ಟೋ ಕಡೆ ಕಣ್ಣಂದಾಜಲ್ಲೇ ಅಂಗಳ ಮುಗಿಸ್ತಾರಲ್ಲ, ಅದೇ ನನಗೆ ಅರ್ಥ ಆಗದ ವಿಷಯ.

ಆಮೇಲೆ ವಾಟ. ನೂರಕ್ಕೆ ಒಂದು ಅಂದ್ರೆ 40 ಅಡಿ ಉದ್ದಕ್ಕೆ ಸುಮಾರು 5 ಇಂಚು ಇಳಿಬೇಕು. ಪೇವರ್ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಇದ್ರೆ ಒಳ್ಳೇದು. ಗೋಡೆಯಿಂದ ಆಚೆಗೆ ಇಳಿಬೇಕು, ಗೋಡೆ ಕಡೆಗಲ್ಲ. ಎಷ್ಟೋ ಮನೆಗಳಲ್ಲಿ ಕಾರು ತೊಳೆದ ನೀರು ಬಾಗಿಲ ಕಡೆಗೇ ಬರುತ್ತೆ. ಅದನ್ನ ನೋಡಿ ನಗೋದಲ್ಲ, ಅದೇ ನೀರು ಪಾಯದ ಪಕ್ಕದ ಮಣ್ಣಿಗೆ ಇಳಿದು ಮುಂದಿನ ಮಳೆಗಾಲಕ್ಕೆ ಗೋಡೆಯಲ್ಲಿ ಥಂಡಿಯಾಗಿ ಏರುತ್ತೆ.

ತುಂಬಿದ ಮಣ್ಣಿನ ಬಗ್ಗೆ ಒಂದು ಮಾತು. ಆರರಿಂದ ಒಂಬತ್ತು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ಪದರಪದರಕ್ಕೂ ದಿಮ್ಮಸು ಮಾಡಬೇಕು. ಎರಡಡಿ ಡೆಬ್ರಿ ಒಂದೇ ಸಲ ಸುರಿದು ಮೇಲಿಂದ ಒತ್ತಿದ್ರೆ ಒಳಗೆ ಟೊಳ್ಳು ಉಳಿಯುತ್ತೆ. ಮಳೆನೀರು ಇಳಿದ ಹಾಗೆ ಅದು ಕುಸಿಯುತ್ತೆ, ಪೇವರ್ ಬಟ್ಟಲಿನ ಹಾಗೆ ತಗ್ಗಾಗುತ್ತೆ. ನೀವು ಕೊಟ್ಟ ವಾಟ ಅಲ್ಲಿಗೆ ಮುಗೀತು.

ಇನ್ನೊಂದು ಕೆಟ್ಟ ಅಭ್ಯಾಸ: ಅಂಗಳದ ಮಳೆನೀರನ್ನ ಜಲಮಂಡಳಿಯ ಒಳಚರಂಡಿ ಚೇಂಬರಿಗೆ ಸೇರಿಸೋದು. ಹಾಗೆ ಬಿಡುವಂತಿಲ್ಲ. ಆ ಪೈಪಿನ ಅಳತೆ ಇರೋದು ಬಚ್ಚಲು, ಶೌಚಾಲಯದ ನೀರಿಗೆ. ಬೀದಿಯ ಹತ್ತು ಮನೆ ಸೇರಿ ಮಳೆನೀರು ತುರುಕಿದ್ರೆ ತಗ್ಗಿನಲ್ಲಿರೋ ಹನ್ನೊಂದನೇ ಮನೆಯ ಕಮೋಡಿನಿಂದ ಅದು ಮೇಲಕ್ಕೆ ಬರುತ್ತೆ. ಗ್ರೌಂಡ್ ಫ್ಲೋರ್ ಪಿಜಿಯಲ್ಲಿ ಇದ್ದವರಿಗೆ ನಾನು ವಿವರಿಸಬೇಕಿಲ್ಲ.

ಅಂಗಡಿ, ಆಫೀಸು, ಅಪಾರ್ಟ್‌ಮೆಂಟ್‌ಗಳಲ್ಲಿ ದೊಡ್ಡ ಅಪಾಯ ಬೇಸ್‌ಮೆಂಟು. ರ‍್ಯಾಂಪ್ ರಸ್ತೆಯಿಂದ ನೇರ ಕೆಳಗಿಳಿದ್ರೆ ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಇಳಿಯೋ ಮುಂಚೆ ಒಂದು ದಿಬ್ಬ ಹತ್ತಬೇಕು, ದಿಬ್ಬದ ಆಚೆ ಅಡ್ಡಕ್ಕೆ ಕಬ್ಬಿಣದ ಜಾಲರಿ ಮುಚ್ಚಿದ ಚರಂಡಿ ಇರಬೇಕು. ಕರೆಂಟಿನ ಪ್ಯಾನಲ್ ಬೋರ್ಡು, ಜನರೇಟರು ಎರಡೂ ಬೇಸ್‌ಮೆಂಟಲ್ಲೇ ಇದ್ರೆ, ನೀರೆತ್ತೋ ಪಂಪು ಅತಿ ಅಗತ್ಯವಾದ ಹೊತ್ತಲ್ಲೇ ಸತ್ತುಹೋಗುತ್ತೆ. ಬಾಡಿಗೆ ಮಾತಾಡೋಕೆ ಹೋದಾಗ ಜಿಮ್ ತೋರಿಸ್ತಾರೆ, ನೀವು ಮೀಟರ್ ಬೋರ್ಡ್ ಎಲ್ಲಿದೆ ಕೇಳಿ. ಬೇಸ್‌ಮೆಂಟಿನ ಗೋಡೆಯಲ್ಲಿ ಅಡ್ಡಕ್ಕೆ ಒಂದು ಮಾಸಲು ಗೆರೆ ಇದ್ಯಾ ಅಂತಾನೂ ನೋಡಿ.

ಒಳಗೇ ನೀರು ಇಂಗಿಸಬಹುದಲ್ಲ ಅಂತ ನೀವು ಕೇಳಬಹುದು. ಖಂಡಿತ. 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ಇಲ್ಲಿ ಮಾಮೂಲಿ ಅಳತೆ. ತಲೆಮಾರುಗಳಿಂದ ಬಾವಿ ತೋಡ್ತಾ ಬಂದಿರೋ ಮಣ್ಣು ವಡ್ಡರಿಗೆ ಈ ಕೆಲಸ ಕೈಯಲ್ಲೇ ಇದೆ. ಬಯೋಮ್ ಟ್ರಸ್ಟಿನವರು 'ಬೆಂಗಳೂರಿಗೆ ಹತ್ತು ಲಕ್ಷ ಬಾವಿ' ಅನ್ನೋ ಅಭಿಯಾನಾನೇ ನಡೆಸ್ತಿದ್ದಾರೆ. 2024ರ ಬೇಸಿಗೆಯಲ್ಲಿ ಮಹದೇವಪುರದ ಉದ್ದಕ್ಕೂ ಬೋರ್‌ವೆಲ್ ಬತ್ತಿದ್ದನ್ನ ನೋಡಿದವರಿಗೆ ಅದರ ಬೆಲೆ ಗೊತ್ತು. ಆದ್ರೆ ಇಂಗುಬಾವಿಗೂ ಒಂದು ಮಿತಿ ಇದೆ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಲೇಔಟು ಮಳೆನೀರು ಇಂಗಿಸೋದ್ರಲ್ಲಿ ಹೆಸರು ಮಾಡಿದ ಜಾಗ. 2022ರಲ್ಲಿ ಅಲ್ಲಿನ ಜನರನ್ನೂ ಟ್ರ್ಯಾಕ್ಟರಿನಲ್ಲೇ ಹೊರಗೆ ತಂದ್ರು. ಲೇಔಟು ಸುತ್ತಲಿನ ಜಾಗಕ್ಕಿಂತ ತಗ್ಗಿನಲ್ಲಿದೆ. ತಮ್ಮ ಮೇಲೆ ಬಿದ್ದ ಮಳೆಯನ್ನ ಅವರು ನೋಡಿಕೊಳ್ಳಬಹುದಿತ್ತು, ಹೊರಗಿಂದ ಬಂದ ನೀರಿಗೆ ಏನು ಮಾಡ್ತಾರೆ? ಬಾವಿ ತುಂಬಿದ ಮೇಲೆ ಮಿಕ್ಕ ನೀರಿಗೆ ದಾರಿ ಬೇಕೇ ಬೇಕು. ಹಳ್ಳಿ ಕೆರೆಗೆ ಕೋಡಿ ಅಂತ ಇರ್ತಿತ್ತಲ್ಲ, ಹಾಗೆ. ಕೋಡಿ ಇಲ್ಲದೆ ಯಾರೂ ಕೆರೆ ಕಟ್ತಿರಲಿಲ್ಲ.

ನಮ್ಮ ಈ ಭಾಗದ ನೀರು ಕೆರೆಯಿಂದ ಕೆರೆಗೆ ಇಳಿದು ವರ್ತೂರು ಸೇರಿ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗೋದು. ನಿಮ್ಮ ಸೈಟು ಆ ದಾರಿಯಲ್ಲೇ ಇದ್ಯಾ ಅಂತ ಫೋನಲ್ಲೇ ಮೊದಲ ತಪಾಸಣೆ ಮಾಡಬಹುದು. ಸರ್ಕಾರದ 'ದಿಶಾಂಕ್' ಆ್ಯಪ್ ಹಾಕ್ಕೊಂಡು ಆ ಜಾಗದಲ್ಲಿ ನಿಂತ್ರೆ ಸರ್ವೆ ನಂಬರ್ ತೋರಿಸುತ್ತೆ. ಆ ನಂಬರ್ ಹಿಡಿದು ಗ್ರಾಮ ನಕ್ಷೆ ತೆಗೆಸಿ, ಹಳ್ಳ, ಕಾಲುವೆ ಎಲ್ಲಿ ಹಾದು ಹೋಗಿದೆ ನೋಡಿ. ಪಹಣಿಯಲ್ಲಿ 'ಬಿ ಖರಾಬು' ಅಂತ ಕಂಡ್ರೆ ಅಲ್ಲೇ ನಿಲ್ಲಿ. ಹಳ್ಳ, ದಾರಿಯಂಥ ಸಾರ್ವಜನಿಕ ಜಾಗಕ್ಕೆ ಹಾಕೋ ಗುರುತು ಅದು. ಬ್ರೋಕರ್ "ಅದೆಲ್ಲಾ ಹಳೇದು ಬಿಡಿ ಬ್ರೋ" ಅಂದೇ ಅಂತಾನೆ. ಹಳೇದು ನಿಜ, ಆದ್ರೆ ಮಳೆ ಬಂದಾಗ ನೀರು ಹುಡುಕಿಕೊಂಡು ಬರೋದು ಆ ಹಳೇ ನಕ್ಷೆಯ ದಾರಿಯನ್ನೇ. (ಇಂಗ್ಲಿಷಿನಲ್ಲಿ ಬ್ರೂಕ್ ಅಂದ್ರೆ ಸಣ್ಣ ತೊರೆ ಅಂತ ಗೊತ್ತಲ್ಲ? ನಮ್ಮ ಏರಿಯಾ ಬೋರ್ಡಿನ ಮೇಲೇ ಎಚ್ಚರಿಕೆ ಬರೆದಿದೆ.)

ಬಾಡಿಗೆಗಿರೋರು ಇದನ್ನೆಲ್ಲಾ ಓನರ್‌ಗೆ ಹೇಗೆ ಹೇಳೋದು? ಬಾಯಲ್ಲಿ ಹೇಳಿದ್ರೆ "ಮಳೆ ಅಂದ್ಮೇಲೆ ನೀರು ನಿಲ್ಲಲ್ವಾ" ಅಂತಾರೆ. ಮುಂದಿನ ಜೋರು ಮಳೆಯ ಮೊದಲ ಹತ್ತು ನಿಮಿಷ ಬಾಲ್ಕನಿಯಿಂದ ವಿಡಿಯೋ ಮಾಡಿ. ಅಂಗಳದಲ್ಲಿ ನೀರು ಯಾವ ಮೂಲೆ ಕಡೆ ಓಡುತ್ತೆ, ಎಲ್ಲಿ ನಿಲ್ಲುತ್ತೆ, ಗೇಟಿನ ಹತ್ರ ಹೊರಗೆ ಹೋಗ್ತಿದ್ಯಾ ಒಳಗೆ ಬರ್ತಿದ್ಯಾ, ಅದರಲ್ಲಿ ಸ್ಪಷ್ಟವಾಗಿ ಸಿಗುತ್ತೆ. ಮಳೆ ನಿಂತು ಒಂದು ಗಂಟೆಗೆ ಅದೇ ಜಾಗದಿಂದ ಇನ್ನೊಂದು ಸಲ ತೆಗೀರಿ. ಎರಡನ್ನೂ ಓನರ್‌ಗೆ ವಾಟ್ಸಾಪ್ ಮಾಡಿ. ಮೇಸ್ತ್ರಿ ಬಂದಾಗ ಅವರಿಗೂ ಅದನ್ನೇ ತೋರಿಸಿ, "ಎಷ್ಟು ಎತ್ತರಿಸೋಣ" ಅನ್ನೋ ಮಾತು ಶುರುವಾಗೋಕೆ ಮುಂಚೆ "ಇದು ಎಲ್ಲಿಂದ ಹೊರಗೆ ಹೋಗುತ್ತೆ" ಅಂತ ಕೇಳಿ.