ಹವಳದ ಮನೆಯ ಹುಳುಗಳು

ಮಳೆ ಬಿದ್ದ ಮರುದಿನ ಬಿನ್ನಿಪೇಟೆಯ ನಮ್ಮ ಹಿತ್ತಲಲ್ಲಿ ಎರೆಹುಳು ಕಂಡರೆ, ಹೂಗಿಡ ಸೊಂಪಾಗಿ ಬೆಳೆದೀತೆಂದು ಸಂತೋಷಪಡುತ್ತೇವೆ. ಬೇರೆಡೆ ಹುಳು ಎಂದರೆ ಮುಖ ಸಿಂಡರಿಸುತ್ತೇವೆ. ಮೊನ್ನೆ ತರಗತಿಯಲ್ಲಿ ನವರತ್ನಗಳ ಹೆಸರು ಹೇಳಿಸುತ್ತಿದ್ದಾಗ ಹುಡುಗನೊಬ್ಬ ಕೇಳಿದ: "ಹವಳಕ್ಕೂ ಹುಳು ಹಿಡಿಯುತ್ತದೆಯೇ, ಮೇಷ್ಟ್ರೇ?" ಹಿಡಿಯುತ್ತದೆ, ಹಿಡಿಯಬೇಕು ಕೂಡ. ಏಕೆಂಬುದನ್ನು ನಿಮಗೂ ಹೇಳುತ್ತೇನೆ.

ಸಂಸ್ಕೃತದ 'ಪ್ರವಾಳ'ವೇ ನಮ್ಮ 'ಹವಳ'. ಆ ಶಬ್ದಕ್ಕೆ ಚಿಗುರು ಎಂಬ ಅರ್ಥವೂ ಉಂಟು, ಒಪ್ಪುವ ಮಾತೇ. ಹವಳವೆಂಬುದು ಸಣ್ಣ ಜೀವಿಗಳು ಕಟ್ಟಿದ ಸುಣ್ಣದ ಮನೆ. ಒಡವೆಯ ಕೆಂಪು ಹವಳದ ಜಾತಿ ಬೇರೆ, ಕಡಲಿನಲ್ಲಿ ದಿಬ್ಬ ಕಟ್ಟುವ ಹವಳದ ಜಾತಿ ಬೇರೆ. ಈ ಎರಡನೆಯದು ನಮ್ಮ ನಾಡಿನಲ್ಲೇ ಇದೆ: ಉತ್ತರ ಕನ್ನಡದ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತ, ನೀರಿನಡಿಯಲ್ಲಿ.

ಹವಳದ ದಿಬ್ಬಗಳಲ್ಲಿ ವಾಸಿಸುವ ಹಲವು ಹುಳುಗಳು ಎರೆಹುಳುವಿನ ದಾಯಾದಿಗಳು. ಮೈಯೆಲ್ಲ ಉಂಗುರ ಪೋಣಿಸಿದಂತೆ. ಅವುಗಳಲ್ಲಿ 'ಕ್ರಿಸ್‌ಮಸ್ ಮರದ ಹುಳು' ಎಂಬುದು ಮರಿಯಾಗಿದ್ದಾಗಲೇ ಜೀವಂತ ಹವಳದ ಮೇಲೆ ನೆಲಸಿ ಸುಣ್ಣದ ಕೊಳವೆ ಕಟ್ಟಿಕೊಳ್ಳುತ್ತದೆ. ಹವಳ ಸುತ್ತಲೂ ಬೆಳೆದು ಕೊಳವೆಯನ್ನು ಹುದುಗಿಸಿಕೊಳ್ಳುತ್ತದೆ. ಹೊರಗೆ ಕಾಣುವುದು ಸುರುಳಿಯಾದ ಎರಡು ಬಣ್ಣದ ಕುಚ್ಚುಗಳು ಮಾತ್ರ. ಅವುಗಳಿಂದ ಹುಳು ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ಉಣ್ಣುತ್ತದೆ. ನೆರಳು ಬಿದ್ದರೆ ಸರಕ್ಕನೆ ಒಳಸೇರುತ್ತದೆ. ಮನೆಗೆ ಬಾಡಿಗೆಯನ್ನೂ ಕೊಡುತ್ತದೆನ್ನಿ! ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹವಳ ತಿನ್ನುವ ಮುಳ್ಳುಮೈಯ ನಕ್ಷತ್ರಮೀನು ದಾಳಿಯಿಟ್ಟಾಗ, ಈ ಹುಳುಗಳ ಸುತ್ತಲಿನ ಹವಳ ಉಳಿದುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಇನ್ನು ಕೊರೆಯುವ ಹುಳುಗಳು. ಇವು ಸತ್ತ ಹವಳವನ್ನು ಕೊರೆದು ಪೊಳ್ಳುಮಾಡುತ್ತವೆ. ಆ ಬಿಲಗಳಲ್ಲಿ ಸಣ್ಣ ಏಡಿ, ಸೀಗಡಿಗಳು ಅಡಗುತ್ತವೆ. ಉದುರಿದ ಪುಡಿ ಮರಳಾಗುತ್ತದೆ. ಹುಳುಗಳೇ ಮೀನಿಗೆ ಆಹಾರವಾಗುತ್ತವೆ. ಕೆಡಹುವುದಕ್ಕಿಂತ ಕಟ್ಟುವುದು ಒಂದು ತೂಕ ಹೆಚ್ಚಿರುವವರೆಗೆ ದಿಬ್ಬ ಬೆಳೆಯುತ್ತದೆ.

ಆ ತಕ್ಕಡಿಯನ್ನು ಕೆಡಿಸುತ್ತಿರುವವರು ನಾವು. ಕಡಲು ಬಿಸಿಯಾದರೆ ಹವಳ ಬಿಳಿಚಿ ಸಾಯುತ್ತದೆ. ಕೊಳಕು ನೀರು ಸೇರಿದರೆ ಕೊರೆಯುವ ಜೀವಿಗಳಿಗೆ ಸುಗ್ಗಿ. ಕಟ್ಟುವವರಿಲ್ಲದ ಮನೆಯನ್ನು ಕೆಡಹುವವರು ಮುಗಿಸುತ್ತಾರೆ. ಬೆಂಗಳೂರಿಗೂ ಕಡಲಿಗೂ ಏನು ನಂಟು ಎನ್ನಬೇಡಿ. ನಮ್ಮ ಬಚ್ಚಲ ನೀರು ವೃಷಭಾವತಿಯನ್ನು, ವೃಷಭಾವತಿ ಅರ್ಕಾವತಿಯನ್ನು, ಅರ್ಕಾವತಿ ಕಾವೇರಿಯನ್ನು ಸೇರಿ ಪೂರ್ವಸಮುದ್ರದ ಹಾದಿ ಹಿಡಿಯುತ್ತದೆ.

ನೇತ್ರಾಣಿಯ ನೀರಿನಲ್ಲಿ ಮುಳುಗಿ ನೋಡಲು ಹೋಗುವ ನಿಮ್ಮ ಮಕ್ಕಳಿಗೆ ಒಂದು ಮಾತು ಹೇಳಿ ಕಳಿಸಿ: ಹವಳವನ್ನು ಕಣ್ತುಂಬ ನೋಡಿ ಬನ್ನಿ, ಚೂರನ್ನೂ ಮುರಿದು ತರಬೇಡಿ. ಆ ಚೂರಿನೊಳಗೆ ಒಂದು ಹುಳು ಸಂಸಾರ ಹೂಡಿರಬಹುದು.