ಮೊಹರು ಯಾರ ಕೈಯಲ್ಲಿದೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನಿಂದ ಇಲ್ಲಿ ಡಾಕ್ಟರು, ಎಂಜಿನಿಯರು, ದೊಡ್ಡ ಹುದ್ದೆಯಲ್ಲಿರುವವರು ಮಾತಾಡಿದ್ದಾರೆ. ನಾನು ರಾಯಚೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ದೇವದುರ್ಗ, ಮಾನ್ವಿ ಕಡೆಯಿಂದ ಬಸ್ಸಿನಲ್ಲಿ ಬಂದವರು ಕೆಟ್ಟ ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದೆ ಇಡುತ್ತಾರೆ. ಹಿರಿಯರು ಕೇಳುವುದು ಒಂದೇ ಮಾತು: "ತಮ್ಮಾ, ಈ ಫೋನು ನಾವು ಮಾತಾಡಿದ್ದು ಕೇಳಿಸಿಕೊಳ್ತದಂತಲ್ಲ, ಖರೇನಾ?" ಕಾಲೇಜು ಹುಡುಗರು ಕೇಳುವುದು ಬೇರೆ: "ಅಣ್ಣಾ, ಗೂಗಲ್ ತೆಗೆದು ಬೇರೆ ಓಎಸ್ ಹಾಕಿಕೊಡ್ತೀಯಾ?" ಇವತ್ತಿನ ನನ್ನ ಮಾತು ಈ ಎರಡು ಪ್ರಶ್ನೆಗಳಿಗೆ ಉತ್ತರ. ನಡುವೆ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳುತ್ತೇನೆ.

ಮೊದಲು ಶಾಲೆಯ ಒಂದು ನೆನಪು. ಪರೀಕ್ಷೆಯ ದಿನ ಮೇಷ್ಟ್ರು ಪ್ರಶ್ನೆಪತ್ರಿಕೆಯ ಲಕೋಟೆಯನ್ನು ನೇರವಾಗಿ ಹರಿಯುತ್ತಿರಲಿಲ್ಲ. ಮೊದಲು ಕೈಯೆತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಮುಂದಿನ ಬೆಂಚಿನ ಇಬ್ಬರು ಎದ್ದು ಬಂದು ಮೊಹರು ಒಡೆದಿಲ್ಲ ಎಂದು ನೋಡಿ ಸಹಿ ಹಾಕಬೇಕಿತ್ತು. ಆಮೇಲೆ ಲಕೋಟೆ ತೆರೆಯುತ್ತಿತ್ತು. ಒಮ್ಮೆ ನನಗೂ ಆ ಸಹಿ ಹಾಕುವ ಅವಕಾಶ ಸಿಕ್ಕಿತ್ತು. ಮೇಷ್ಟ್ರ ಮೇಲೆ ನಮಗೆ ಅನುಮಾನ ಇತ್ತೇ? ಇರಲಿಲ್ಲ. ಆದರೂ ಅವರು ತೋರಿಸುತ್ತಿದ್ದರು. ನಂಬಿಕೆ ಇದ್ದಲ್ಲೂ ನೋಡುವ ಅವಕಾಶ ಇರಬೇಕು ಎಂಬ ಪಾಠ ನನಗೆ ಅಲ್ಲಿ ಸಿಕ್ಕಿತು. ಅರ್ಥವಾಗಿದ್ದು ಮಾತ್ರ ಬಹಳ ತಡವಾಗಿ.

ಫೋನಿನೊಳಗೂ ಇಂಥದ್ದೇ ಒಂದು ಮೊಹರು ಇದೆ. ಓಎಸ್ ಅಂದರೆ ಫೋನಿನ ಎಲ್ಲ ಕೆಲಸವನ್ನೂ ನಡೆಸುವ ಮೂಲ ವ್ಯವಸ್ಥೆ. ಕ್ಯಾಮೆರಾ, ಮೈಕು, ಸಿಮ್ಮು, ಫೋಟೊಗಳು, ಬ್ಯಾಂಕಿನ ಆ್ಯಪ್ ಎಲ್ಲಕ್ಕೂ ಬಾಗಿಲು ಕಾಯುವುದು ಅದೇ. ಫೋನ್ ಆನ್ ಆಗುವಾಗ, ಈ ವ್ಯವಸ್ಥೆಯ ಮೇಲೆ ತಯಾರಕರ ಸಹಿ ಸರಿಯಾಗಿದೆಯೇ, ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಬೇರೆ ಓಎಸ್ ಹಾಕಬೇಕಾದರೆ ಮೊದಲು ಬೂಟ್‌ಲೋಡರ್ ಎಂಬ ಬೀಗ ತೆಗೆಯಬೇಕು. ತೆಗೆದರೆ ಆ ಪರೀಕ್ಷೆಯ ಬಲ ಹೋಗುತ್ತದೆ. ಫೋನ್ ಪ್ರತಿ ಸಲ ಆನ್ ಆದಾಗಲೂ ಪರದೆಯ ಮೇಲೆ ಒಂದು ಎಚ್ಚರಿಕೆ ಬರುತ್ತದೆ.

ಹಾಗಾದರೆ ಬೇರೆ ಓಎಸ್ ಯಾಕೆ ಬೇಕು? ಆ್ಯಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದಿದ್ದು 2008ರಲ್ಲಿ. ಅದರ ತಿರುಳು ಲಿನಕ್ಸ್ ಮೇಲೆ ಕಟ್ಟಿದ್ದು, ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಬರಹವನ್ನು ಓದಬಹುದು, ತಿದ್ದಬಹುದು, ತಮ್ಮದೇ ಒಂದು ರೂಪ ಮಾಡಬಹುದು. ಆದರೆ ನಾವು ಕೊಳ್ಳುವ ಫೋನಿನಲ್ಲಿ ಆ ತಿರುಳಿನ ಮೇಲೆ ಗೂಗಲ್‌ನ ಸೇವೆಗಳು, ಕಂಪನಿಯ ಆ್ಯಪ್‌ಗಳು ಕೂತಿರುತ್ತವೆ. ಅವು ಮುಚ್ಚಿದ ಪೆಟ್ಟಿಗೆ. ಅದು ಬೇಡ ಎಂದವರು ತಿರುಳನ್ನಷ್ಟೇ ತೆಗೆದುಕೊಂಡು ಬೇರೆ ಬೇರೆ ವ್ಯವಸ್ಥೆ ಕಟ್ಟಿದರು. 2016ರ ಕೊನೆಯಲ್ಲಿ ಶುರುವಾದ ಲಿನಿಯೇಜ್ ಓಎಸ್, ಕಂಪನಿ ಕೈಬಿಟ್ಟ ಹಳೆಯ ಫೋನುಗಳಿಗೂ ಜೀವ ಕೊಡುತ್ತದೆ. ಗ್ರಾಫೀನ್ ಓಎಸ್ ಹಾಕಿದ ಮೇಲೆ ಬೀಗವನ್ನು ಮತ್ತೆ ಜಡಿಯಬಹುದು. ಅದು ಬಹುಕಾಲ ಗೂಗಲ್‌ನದೇ ಪಿಕ್ಸೆಲ್ ಫೋನುಗಳಿಗೆ ಮಾತ್ರ ಸಿಗುತ್ತಿತ್ತು. ಗೂಗಲ್‌ನಿಂದ ದೂರ ಹೋಗಲು ಗೂಗಲ್‌ನ ದುಬಾರಿ ಫೋನನ್ನೇ ಕೊಳ್ಳಬೇಕು ಅಂದರೆ ನಮ್ಮ ಕಡೆಯವರು ನಗುತ್ತಾರೆ. ನಮ್ಮ ದೇಶದಲ್ಲೂ 2023ರ ಜನವರಿಯಲ್ಲಿ, ಮದ್ರಾಸ್ ಐಐಟಿಯ ಆಶ್ರಯದಲ್ಲಿ ಬೆಳೆದ ಕಂಪನಿಯೊಂದು ಭರೋಸ್ ಎಂಬ ಓಎಸ್ ತೋರಿಸಿತು. ಮೊದಲೇ ತುಂಬಿದ ಆ್ಯಪ್‌ಗಳು ಇರುವುದಿಲ್ಲ ಎಂಬುದು ಅದರ ವಿಶೇಷ.

ಇದೆಲ್ಲ ನಮ್ಮ ಹಳ್ಳಿಗೆ ಯಾಕೆ ಎಂದು ನೀವು ಕೇಳಬಹುದು. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತರಿ ಮೊದಲು ಬಂದ 200 ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಆಗ ಹಾಜರಿ ಕಾಗದದ ಮೇಲೆ. 2023ರ ಜನವರಿ 1ರಿಂದ ಸಾಮೂಹಿಕ ಕಾಮಗಾರಿಗಳಲ್ಲಿ ಫೋನಿನ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಜರಿ ಹಾಕಬೇಕಾಯಿತು. 2020ರಿಂದ ರೈತರೇ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಫೋಟೊ ಹಾಕುತ್ತಿದ್ದಾರೆ. ಅಂಗನವಾಡಿಯ ಲೆಕ್ಕ ಫೋನಿನಲ್ಲಿ, ಗುಳೆ ಹೋದ ಮಗ ಬೆಂಗಳೂರಿನಿಂದ ಕಳಿಸುವ ದುಡ್ಡು ಫೋನಿನಲ್ಲಿ. ಫೋನು ನಮ್ಮ ಕೂಲಿ, ನಮ್ಮ ಹೊಲ, ನಮ್ಮ ಗಂಟು. ಅದನ್ನು ಕಾಯುವವನು ಯಾರು ಎಂದು ನಾವು ಕೇಳದೆ ಇನ್ನು ಯಾರು ಕೇಳಬೇಕು?

ಈಗ ನನ್ನ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ದೇವದುರ್ಗ ತಾಲ್ಲೂಕಿನ ಒಬ್ಬ ರೈತರು ಹಳೆಯ ಫೋನ್ ತಂದರು. ವಯಸ್ಸಿನಲ್ಲಿ ನನ್ನ ತಂದೆಯ ಸಮಾನರು. ಫೋನ್ ಬಹಳ ನಿಧಾನ, ಕಂಪನಿಯ ಅಪ್‌ಡೇಟ್ ನಿಂತು ಎಷ್ಟೋ ಕಾಲವಾಗಿತ್ತು. ನಾನು ಹುರುಪಿನಲ್ಲಿ ಇಂಟರ್ನೆಟ್‌ನಲ್ಲಿ ಹುಡುಕಿ, ಆ ಮಾಡೆಲ್‌ಗೆ ಯಾರೋ ಅಡ್ಡಹೆಸರಿನವರು ಮಾಡಿಟ್ಟಿದ್ದ ಒಂದು ಓಎಸ್ ಇಳಿಸಿ ಹಾಕಿದೆ. ಫೋನು ಹೊಸದರಂತೆ ಓಡಿತು. "ಇನ್ನು ನಿಮ್ಮನ್ನ ಯಾರೂ ನೋಡಂಗಿಲ್ಲ" ಎಂದು ಹೆಮ್ಮೆಯಿಂದ ಹೇಳಿ ಕಳಿಸಿದೆ.

ಮೊದಲ ಮಳೆ ಬಿತ್ತು. ಅವರು ಹತ್ತಿಬೀಜ ತರಲು ಹೋದರು. ಮಗ ಹಾಕಿದ ದುಡ್ಡು ಖಾತೆಯಲ್ಲಿತ್ತು. ಆದರೆ ದುಡ್ಡು ಕಳಿಸುವ ಆ್ಯಪ್ ತೆರೆಯಲೇ ಇಲ್ಲ. ಬೀಗ ತೆಗೆದ ಫೋನಿನಲ್ಲಿ ಇಂಥ ಎಷ್ಟೋ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೆ ಹೇಳಿರಲಿಲ್ಲ. ಬರಿಗೈಯಲ್ಲಿ ವಾಪಸು ಹೋದರು, ಬಿತ್ತನೆ ಎರಡು ದಿನ ತಡವಾಯಿತು. ಮತ್ತೆ ಅಂಗಡಿಗೆ ಬಂದಾಗ ನಾನು ಓಎಸ್, ಬೂಟ್‌ಲೋಡರ್ ಎಂದು ಏನೇನೋ ವಿವರಿಸಲು ಹೋದೆ. ಅವರು ಸಿಟ್ಟಾಗಲಿಲ್ಲ. "ನಾ ಏನ್ ಸಾಫ್ಟ್‌ವೇರ್ ನೋಡಿ ಕೊಟ್ಟಿಲ್ಲಪ್ಪ, ನಿನ್ನ ನೋಡಿ ಕೊಟ್ಟೀನಿ" ಅಂದರು. ಅಷ್ಟೇ.

ಅವತ್ತು ರಾತ್ರಿ ಆ ಓಎಸ್ ಎಲ್ಲಿಂದ ಬಂತೆಂದು ಕೂತು ಹುಡುಕಿದೆ. ಮಾಡಿದವರ ಪುಟವೇ ಇರಲಿಲ್ಲ. ಮೂಲ ಬರಹವನ್ನು ಅವರು ಎಲ್ಲೂ ಪ್ರಕಟಿಸಿಯೇ ಇರಲಿಲ್ಲ. ಮುಕ್ತ ತಂತ್ರಾಂಶ ಎಂಬ ಹೆಸರಿನಲ್ಲಿ ನಾನು ಹಾಕಿದ್ದು ಇನ್ನೊಂದು ಮುಚ್ಚಿದ ಪೆಟ್ಟಿಗೆ. ಅದರೊಳಗೆ ಏನಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರಿಗೆ ಬೇರೆ ತೊಂದರೆ ಆಗಲಿಲ್ಲ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ, ಅದು ಅವರ ಪುಣ್ಯ. ಅವತ್ತಿನಿಂದ ಯಾವ ಓಎಸ್ ಬಂದರೂ ಮೂರು ಪ್ರಶ್ನೆ ಕೇಳುತ್ತೇನೆ. ನೀವೂ ಕೇಳಿ.

ಮೊದಲ ಪ್ರಶ್ನೆ: ಒಳಗೆ ಏನಿದೆ ಎಂದು ಬೇರೆಯವರು ನೋಡಬಹುದೇ? ನೋಡುತ್ತಿದ್ದಾರೆಯೇ? ಏನಮ್ ಎಂಬ ಫೋನನ್ನು ಅತ್ಯಂತ ಗುಪ್ತ ಫೋನ್ ಎಂದು ನಂಬಿ ಅನೇಕ ದೇಶಗಳ ಅಪರಾಧಿಗಳು ಕೊಂಡಿದ್ದರು. ಅದನ್ನು ನಡೆಸುತ್ತಿದ್ದದ್ದು ಅಮೆರಿಕದ ಎಫ್‌ಬಿಐ ಪೊಲೀಸರೇ ಎಂದು 2021ರ ಜೂನ್‌ನಲ್ಲಿ ಬಹಿರಂಗವಾಯಿತು. 12 ಸಾವಿರದಷ್ಟು ಫೋನುಗಳ ಮಾತು ಪೊಲೀಸರ ಕೈಗೆ ಹೋಗಿತ್ತು. ಕಳ್ಳರು ಸಿಕ್ಕಿದ್ದು ಒಳ್ಳೆಯದೇ. ಆದರೆ 'ಗುಪ್ತ' ಎಂಬ ಹಣೆಪಟ್ಟಿಗೆ ಎಷ್ಟು ಬೆಲೆ ಎಂದು ಅದು ತೋರಿಸಿತು. ಇನ್ನೊಂದು ಕಡೆ, 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತಮ್ಮ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕೆದಕಿದರು. ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟಿದ್ದರು. ಮುಕ್ತ ಎಂದ ಮಾತ್ರಕ್ಕೆ ಕಳ್ಳ ಬರುವುದಿಲ್ಲ ಎಂದಲ್ಲ. ಬರಹ ತೆರೆದಿದ್ದರಿಂದ ಕೆದಕುವುದು ಸಾಧ್ಯವಾಯಿತು, ಕೆದಕುವ ಒಬ್ಬರು ಇದ್ದದ್ದರಿಂದ ಸಿಕ್ಕಿತು. ಎರಡೂ ಬೇಕು.

ಎರಡನೆಯ ಪ್ರಶ್ನೆ: ಮೊಹರು ಯಾರ ಕೈಯಲ್ಲಿದೆ? ಹೊಸ ಅಪ್‌ಡೇಟ್ ಬರುವಾಗ ಅದರ ಮೇಲೆ ಸಹಿ ಹಾಕುವ ಕೀಲಿ ಯಾರದು? 2018ರಲ್ಲಿ ಕೆನಡಾದ ಕಾಪರ್‌ಹೆಡ್ ಓಎಸ್‌ನಲ್ಲಿ ಇಬ್ಬರು ಪಾಲುದಾರರ ನಡುವೆ ಜಗಳ ಬಂತು. ಮುಖ್ಯ ತಂತ್ರಜ್ಞರು, ಕೀಲಿ ತಪ್ಪು ಕೈ ಸೇರಬಾರದೆಂದು ಅದನ್ನೇ ಅಳಿಸಿಹಾಕಿದರು. ನಂಬಿ ಹಾಕಿಸಿಕೊಂಡವರ ಫೋನಿಗೆ ಅಪ್‌ಡೇಟ್ ಬರುವ ದಾರಿ ಮುಚ್ಚಿತು. ಅದೇ ತಂತ್ರಜ್ಞರು ಮುಂದುವರಿಸಿದ ಕೆಲಸವೇ ನಾನು ಆಗ ಹೇಳಿದ ಗ್ರಾಫೀನ್. ಒಳ್ಳೆಯವರ ಕೈಯಲ್ಲಿದ್ದರೂ ಕೀಲಿ ಒಂದೇ ಕೈಯಲ್ಲಿದ್ದರೆ ಹೀಗಾಗುತ್ತದೆ.

ಮೂರನೆಯ ಪ್ರಶ್ನೆ: ನಾಳೆ ನೋಡಿಕೊಳ್ಳುವವರು ಯಾರು? ಮೊಜಿಲ್ಲಾ ಸಂಸ್ಥೆ ಫೋನಿಗಾಗಿ ಮಾಡಿದ ಫೈರ್‌ಫಾಕ್ಸ್ ಓಎಸ್ ಅನ್ನು ಕೈಬಿಟ್ಟಿತು. ಅದರ ಬರಹದಿಂದ ಕೈ ಓಎಸ್ ಹುಟ್ಟಿತು. 2017ರಲ್ಲಿ ಬಂದ ಜಿಯೋಫೋನ್ ನಿಮಗೆಲ್ಲ ನೆನಪಿರಬೇಕು, ಅದರೊಳಗೆ ಇದ್ದದ್ದು ಅದೇ. ಗೊತ್ತಿಲ್ಲದೆಯೇ ನಮ್ಮೂರಿನವರು ಮುಕ್ತ ತಂತ್ರಾಂಶದ ಮೊಮ್ಮಗನನ್ನು ಕೈಯಲ್ಲಿ ಹಿಡಿದು ಓಡಾಡಿದ್ದರು. ಅದೇ 2017ರಲ್ಲಿ ಕೆನಾನಿಕಲ್ ಕಂಪನಿ ಉಬುಂಟು ಫೋನ್ ಕೈಬಿಟ್ಟಾಗ, ಯುಬಿಪೋರ್ಟ್ಸ್ ಎಂಬ ಸ್ವಯಂಸೇವಕರ ಬಳಗ ಅದನ್ನು ಎತ್ತಿಕೊಂಡಿತು. ಕಂಪನಿ ಬಿಟ್ಟರೂ ಬೇರೆಯವರು ಎತ್ತಿಕೊಳ್ಳಬಹುದು, ಅದು ಮುಕ್ತ ತಂತ್ರಾಂಶದ ದೊಡ್ಡ ಗುಣ. ಯಾರಾದರೂ ಎತ್ತಿಕೊಂಡಿದ್ದಾರೆಯೇ ಎಂದು ನೋಡುವುದು ನಮ್ಮ ಕೆಲಸ. ಸ್ವದೇಶಿ ಇರಲಿ, ವಿದೇಶಿ ಇರಲಿ, ಕಂಪನಿಯದಿರಲಿ, ಸ್ವಯಂಸೇವಕರದಿರಲಿ, ಪ್ರಶ್ನೆ ಈ ಮೂರೇ.

"ನಾವೇನು ತಪ್ಪು ಮಾಡಿಲ್ಲ, ನಮಗ್ಯಾಕೆ ಗುಟ್ಟು?" ಎನ್ನುವವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದಿತು. ಆ ಹಕ್ಕು ತಪ್ಪು ಮುಚ್ಚಿಡಲು ಕೊಟ್ಟದ್ದಲ್ಲ. ಊರಿನ ಎಲ್ಲ ಮನೆಗೂ ಬಾಗಿಲಿದೆ, ಒಳಗೆ ಕಳ್ಳಮಾಲು ಇದೆ ಎಂದು ಯಾರೂ ಬಾಗಿಲು ಇಡುವುದಿಲ್ಲ. ಪಹಣಿ ಎಲ್ಲರಿಗೂ ಕಾಣಬೇಕು, ಮನೆಯ ಮಾತು ಮನೆಯಲ್ಲಿರಬೇಕು. ವ್ಯವಸ್ಥೆ ತೆರೆದಿರಲಿ, ಮನುಷ್ಯನಿಗೆ ಬಾಗಿಲು ಇರಲಿ.

ಒಂದು ಮಾತು ನೆನಪಿಡಿ. ಎಂಥ ಓಎಸ್ ಹಾಕಿದರೂ ನೀವೇ ಬಾಗಿಲು ತೆರೆದರೆ ಅದು ತಡೆಯಲಾರದು. ತಕ್ಷಣ ಸಾಲ ಕೊಡುವ ಆ್ಯಪ್ ನಿಮ್ಮ ಫೋನಿನ ಹೆಸರು, ನಂಬರುಗಳ ಪಟ್ಟಿ ಕೇಳಿದರೆ ಕೊಡಬೇಡಿ. ಸಾಲದ ಆ್ಯಪ್‌ಗಳು ಅದನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮೋಸ ಹೋದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ದುಡಿಮೆಯ ಫೋನು ಒಂದೇ ಇದ್ದರೆ ಅದರ ಮೇಲೆ ಪ್ರಯೋಗ ಬೇಡ. ಮೂಲೆಯಲ್ಲಿ ಬಿದ್ದ ಹಳೆಯ ಫೋನಿದ್ದರೆ ಹುಡುಗರು ಅದರಲ್ಲಿ ಕಲಿಯಲಿ. ರಿಪೇರಿಗೆ ಕೊಡುವಾಗ, ಮುಖ್ಯವಾಗಿ ಹೆಣ್ಣುಮಕ್ಕಳು, ಪಿನ್ ಬರೆದುಕೊಟ್ಟು ಹೋಗಬೇಡಿ, ಎದುರಿಗೇ ಕೂತು ಮಾಡಿಸಿಕೊಳ್ಳಿ. ನನ್ನ ಅಂಗಡಿಗೆ ಬಂದರೂ ಹಾಗೇ ಮಾಡಿ, ನನಗೆ ಬೇಸರವಿಲ್ಲ.

ಈಗ ನಾನು ಯಾರ ಫೋನಿಗೆ ಬೇರೆ ಓಎಸ್ ಹಾಕಿದರೂ ಒಂದು ಚೀಟಿ ಬರೆದುಕೊಡುತ್ತೇನೆ. ಏನು ಹಾಕಿದೆ, ಎಲ್ಲಿಂದ ತಂದೆ, ಬೀಗ ಜಡಿದಿದೆಯೋ ಇಲ್ಲವೋ, ಯಾವ ಆ್ಯಪ್ ನಡೆಯಲಿಕ್ಕಿಲ್ಲ, ಎಲ್ಲವೂ ಕನ್ನಡದಲ್ಲಿ. ಕೆಳಗೆ ನನ್ನ ಸಹಿ. ಆ ಚೀಟಿ ಓದಿ ಎಷ್ಟೋ ಜನ "ಬ್ಯಾಡ ಬಿಡಪ್ಪ, ಇದ್ದದ್ದೇ ಇರಲಿ" ಎಂದು ಎದ್ದು ಹೋಗುತ್ತಾರೆ. ನನ್ನ ವ್ಯಾಪಾರ ಕಡಿಮೆಯಾಗಿದೆ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಕೊನೆಗೆ ಶಾಲೆಗೊಂದು ಕೋರಿಕೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಬಹಳ ವರ್ಷಗಳಿಂದ ಮುಕ್ತ ತಂತ್ರಾಂಶದ ಮೇಲೆಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ನಮ್ಮ ಕಂಪ್ಯೂಟರ್ ಕೋಣೆಯಲ್ಲೂ ಅದಾಗಲಿ. 2019ರಿಂದ ನಮ್ಮ ರಾಯಚೂರಿನ ಹೆಸರಿನಲ್ಲೇ ಒಂದು ಐಐಐಟಿ ಇದೆ, ಅಲ್ಲಿಯವರನ್ನು ವರ್ಷಕ್ಕೊಮ್ಮೆ ಕರೆಸೋಣ. ಅವರ ಬಸ್ ಖರ್ಚು, ಊಟ ನನ್ನದು. ಹಳೆಯ ಫೋನು ನಾಲ್ಕು ನಾನೇ ತಂದುಕೊಡುತ್ತೇನೆ, ಮಕ್ಕಳು ಬಿಚ್ಚಿ ನೋಡಲಿ.

ಮಕ್ಕಳೇ, ಯಾರಾದರೂ ಲಕೋಟೆ ತೋರಿಸದೆ ಪ್ರಶ್ನೆಪತ್ರಿಕೆ ಹಂಚಲು ಬಂದರೆ ಎದ್ದು ನಿಂತು ಕೇಳಿ. ನಮ್ಮ ಮೇಷ್ಟ್ರು ಯಾವತ್ತೂ ಅದನ್ನು ಅವಮಾನ ಎಂದುಕೊಳ್ಳಲಿಲ್ಲ. ಅದಕ್ಕೇ ಇವತ್ತೂ ಅವರನ್ನು ಕಂಡರೆ ಕಾಲಿಗೆ ಬೀಳುತ್ತೇವೆ.