ಹೊಲಿದವಳ ಹೆಸರೂ ಇರಲಿ

(ವಾರ್ಷಿಕ ಸಮಾವೇಶದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಸೂತಿಯ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದೀರಿ. ವಿದ್ಯಾ ಸಂಸ್ಥೆಯ ಸಭೆಯಲ್ಲಿ ಸೂಜಿ ದಾರದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ಹೆಣ್ಣುಮಗಳ ಓದು ಎಸ್ಸೆಸ್ಸೆಲ್ಸಿಗೆ ನಿಂತುಹೋದ ಮನೆಗಳಲ್ಲಿ ಮರುದಿನ ಅವಳ ಕೈಗೆ ಬರುವುದು ಹೊಲಿಗೆ. ಓದು ಬಿಟ್ಟವಳಿಗೆ ಹೊಲಿಗೆ, ಓದುವವಳಿಗೆ ಪುಸ್ತಕ ಎಂದು ನಾವೇ ಎರಡು ಪಾಲು ಮಾಡಿಟ್ಟಿದ್ದೇವೆ. ಈ ಪಾಲು ಸರಿಯಲ್ಲ ಎಂಬುದೇ ನನ್ನ ಇಂದಿನ ಮಾತು.

ಬಟ್ಟೆಯ ಮೇಲೆ ಅಕ್ಷರ ಹೊಲಿಯುವುದು ನಮಗೆ ಹೊಸದಲ್ಲ. ಪವಿತ್ರ ಕಾಬಾಕ್ಕೆ ಹೊದಿಸುವ ಕಿಸ್ವಾವನ್ನು ನೋಡಿ. ಕಪ್ಪು ರೇಷ್ಮೆಯ ಮೇಲೆ ಬಂಗಾರ, ಬೆಳ್ಳಿಯ ಎಳೆಗಳಲ್ಲಿ ಆಯತ್‌ಗಳನ್ನು ಕಸೂತಿ ಮಾಡುತ್ತಾರೆ. ಶತಮಾನಗಳ ಕಾಲ ಅದು ಈಜಿಪ್ಟಿನಿಂದ ಬರುತ್ತಿತ್ತು. 1927ರಲ್ಲಿ ಮಕ್ಕಾದಲ್ಲೇ ಅದಕ್ಕಾಗಿ ಕಾರ್ಖಾನೆ ಆರಂಭವಾಯಿತು. ಇನ್ನೂ ಹಿಂದೆ ಹೋದರೆ, ಅಬ್ಬಾಸಿ ಮತ್ತು ಫಾತಿಮಿ ಖಲೀಫರ ಕಾಲದಲ್ಲಿ 'ತಿರಾಝ್' ಎಂಬ ಬಟ್ಟೆಗಳಿದ್ದವು. ಅವುಗಳ ಅಂಚಿನಲ್ಲಿ ನೇಯ್ದೋ ಹೊಲಿದೋ ಅರಬಿ ಅಕ್ಷರಗಳನ್ನು ಮೂಡಿಸುತ್ತಿದ್ದರು. ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಈ ತಿರಾಝಿನ ವಿಷಯವನ್ನು ವಿವರಿಸಿದ್ದಾರೆ. ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಉಳಿದಿರುವ ಆ ತುಂಡುಗಳಲ್ಲಿ ಖಲೀಫನ ಹೆಸರಿದೆ, ಕೆಲವದರಲ್ಲಿ ವಜೀರನ ಹೆಸರು, ಊರು, ಇಸವಿ ಎಲ್ಲವೂ ಇವೆ. ಆದರೆ ಸೂಜಿ ಹಿಡಿದ ಕೈ ಯಾರದು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ನಮ್ಮ ನಾಡಿನಲ್ಲೂ ಸೂಜಿಯ ಸಂಪತ್ತಿಗೆ ಕೊರತೆಯಿಲ್ಲ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆಗಳಿವೆ. ಸಂಡೂರಿನ ಲಂಬಾಣಿ ಕಸೂತಿ ಹೆಸರುವಾಸಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ನಡುವಿಗೆ ಬಂದು ಮುಗಿಸುವುದು ಅವರ ಪದ್ಧತಿ. ನಾಲ್ಕು ಮೂಲೆಗೆ 'ಫೂಲ್' ಇಡದಿದ್ದರೆ ಕೌದಿ ಪೂರ್ಣವಾಗಲಿಲ್ಲವೆಂದೇ ಲೆಕ್ಕ. ಸಿದ್ದಿಗಳಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಕೌದಿ ಮಾತ್ರ ಎಲ್ಲರದೂ.

ಇನ್ನು ಬಣ್ಣ. ಅದಕ್ಕೆ ನೀವು ದೂರ ಹೋಗಬೇಕಾಗಿಲ್ಲ. ನಮ್ಮದು ಅಡಿಕೆಯ ಸೀಮೆ. ಅಡಿಕೆ ಸುಲಿಯುವ ಹೆಂಗಸರ ಬೆರಳಿನ ಕಲೆ ಎಷ್ಟು ತೊಳೆದರೂ ಹೋಗದೆಂದು ನಿಮಗೆ ಗೊತ್ತು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಒಳ್ಳೆಯ ಕೆಂಗಂದು ಬಣ್ಣ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು 1996ರಲ್ಲಿ ಕಟ್ಟಿದ 'ಚರಕ' ಮಹಿಳಾ ಸಹಕಾರ ಸಂಘವು ಇದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿ ನಾಡಿಗೆಲ್ಲ ತೋರಿಸಿಕೊಟ್ಟಿತು. ಅಲ್ಲಿ ದುಡಿದವರು ಹಳ್ಳಿಯ ಹೆಣ್ಣುಮಕ್ಕಳೇ.

ಮಾಡುವ ಕ್ರಮ ಸರಳ. ಹತ್ತಿ ಬಟ್ಟೆಯನ್ನು ಮೊದಲು ಸೋಡಾ ನೀರಿನಲ್ಲಿ ಕುದಿಸಿ ಗಂಜಿ, ಜಿಡ್ಡು ತೆಗೆಯಿರಿ. ಅಳಲೆಕಾಯಿಯ ಕಷಾಯದಲ್ಲಿ ನೆನೆಸಿ ಒಣಗಿಸಿ. ಬಳಿಕ ಒಂದು ಕಿಲೋ ಬಟ್ಟೆಗೆ ಸುಮಾರು 150 ಗ್ರಾಂ ಪಟಿಕದ ನೀರಿನಲ್ಲಿ ಅದ್ದಿಡಿ. ಬಣ್ಣ ಬಟ್ಟೆಯನ್ನು ಹಿಡಿದುಕೊಳ್ಳುವುದು ಈ ಪಟಿಕದಿಂದ. ಆಮೇಲೆ ದಾಳಿಂಬೆ ಸಿಪ್ಪೆಯ ನೀರಿನಲ್ಲಿ ಕಾಯಿಸಿದರೆ ಹಳದಿ, ಚೊಗರಿನಲ್ಲಿ ಕಾಯಿಸಿದರೆ ಕೆಂಗಂದು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೆಲವು ದಿನ ಕೊಳೆಸಿಟ್ಟು ಆ ನೀರನ್ನು ಬೆರೆಸಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಹೆಚ್ಚು ಹಾಕಬೇಡಿ, ಬಟ್ಟೆ ಲಡ್ಡಾಗುತ್ತದೆ. ಅರಿಸಿನ ನೋಡಲು ಚೆಂದ, ಆದರೆ ಬಿಸಿಲಿಗೆ ಮಾಸುತ್ತದೆ. ಅಡುಗೆಯ ಪಾತ್ರೆಗಳನ್ನು ಈ ಕೆಲಸಕ್ಕೆ ಬಳಸಲೇಬೇಡಿ. ವಿದ್ಯಾರ್ಥಿನಿಯರೆ, ಪಟಿಕ ಏಕೆ, ಕಬ್ಬಿಣ ಏಕೆ ಎಂದು ನಿಮ್ಮ ವಿಜ್ಞಾನದ ಮೇಡಂ ಅವರನ್ನು ಕೇಳಿ. ಪಾಠದ ಲವಣಗಳು ಇಲ್ಲಿ ಕಣ್ಣಿಗೆ ಕಾಣುತ್ತವೆ.

ಬಣ್ಣದ ಬಟ್ಟೆ ಒಣಗಿದ ಮೇಲೆ ಅಕ್ಷರ. ಕನ್ನಡದ ಅಕ್ಷರಗಳು ದುಂಡಗೆ. ಸರಪಳಿ ಹೊಲಿಗೆ ಅವುಗಳಿಗೆ ಚೆನ್ನಾಗಿ ಒಗ್ಗುತ್ತದೆ, ತಿರುವಿನಲ್ಲಿ ಹೊಲಿಗೆ ಚಿಕ್ಕದಾಗಿರಬೇಕು. ಉರ್ದುವಿನ ಉದ್ದ ಗೆರೆಗಳಿಗೆ ಬಖಿಯಾ, ನುಕ್ತಾಗಳಿಗೆ ಗಂಟು ಹೊಲಿಗೆ. ಒಂದು ನುಕ್ತಾ ತಪ್ಪಿದರೆ ಪದವೇ ಬೇರೆಯಾಗುತ್ತದೆ. ಆದ್ದರಿಂದ ಹೊಲಿಯುವ ಹುಡುಗಿ ಮೊದಲು ಸರಿಯಾಗಿ ಬರೆಯಲು ಕಲಿಯಬೇಕು.

ಏನನ್ನು ಹೊಲಿಯಬೇಕು ಎಂಬುದಕ್ಕೂ ಒಂದು ಅದಬ್ ಇದೆ. ಹಾಸಿಗೆ, ದಿಂಬು, ಕಾಲೊರಸಿನ ಮೇಲೆ ಪವಿತ್ರ ವಚನಗಳು ಬೇಡ. ಅಂಥವನ್ನು ಗೋಡೆಯ ಮೇಲೆ ಗೌರವದಿಂದ ತೂಗುಹಾಕುವಂತಿದ್ದರೆ ಮಾತ್ರ ಹೊಲಿಯಿರಿ. ಉಳಿದಂತೆ ನಿಮ್ಮ ಊರಿನ ಹೆಸರು, ಕೆರೆಯ ಹೆಸರು, ಅಮ್ಮಿ ಹೇಳುತ್ತಿದ್ದ ಒಂದು ಮಾತು, ನಾನಿ ಮಾಡುತ್ತಿದ್ದ ಅಡುಗೆಯ ಹೆಸರು ಏನಾದರೂ ಆಗಬಹುದು. ಎಲ್ಲಿಯೂ ಬರೆದಿಡದ ನಮ್ಮ ಮನೆಯ ದಖನಿ ಮಾತುಗಳು ಹೀಗಾದರೂ ಉಳಿಯಲಿ.

ಕೊನೆಯದಾಗಿ ದುಡ್ಡಿನ ಮಾತು. ಒಂದು ಮೇಜುಬಟ್ಟೆಗೆ 20 ಗಂಟೆ ಹಿಡಿಯಿತು, 300 ರೂಪಾಯಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಗಂಟೆಗೆ 15 ರೂಪಾಯಿ ಆಯಿತು. ದಾರ, ಸೌದೆ, ಪಟಿಕ ಕಳೆದರೆ ಇನ್ನೂ ಕಡಿಮೆ. ಈ ಲೆಕ್ಕ ಹಾಕಲು ಬಾರದವಳು ಸಿಕ್ಕಿದ್ದನ್ನು ತೆಗೆದುಕೊಂಡು ಸುಮ್ಮನಾಗುತ್ತಾಳೆ. ಲೆಕ್ಕ ಬಂದವಳು ಬೆಲೆ ಹೇಳುತ್ತಾಳೆ. ಕೈಕೆಲಸ ಓದಿಗೆ ಬದಲಿಯಾಗಲಾರದು ಎಂದು ನಾನು ಹೇಳುವುದು ಇದಕ್ಕೇ. ಓದು ಇಲ್ಲದಿದ್ದರೆ ಕಸೂತಿಯ ಲಾಭ ಹೊಲಿದವಳ ಮನೆಗೆ ಬರುವುದಿಲ್ಲ.

ಆದ್ದರಿಂದ ಸಂಸ್ಥೆಯ ಹಿರಿಯರಲ್ಲಿ ಎರಡು ವಿನಂತಿ. ಹೊಲಿಗೆ ತರಗತಿ ನಡೆಸುವುದಾದರೆ ಶಾಲೆ ಬಿಟ್ಟ ಹುಡುಗಿಯನ್ನು ಮತ್ತೆ ಪರೀಕ್ಷೆಗೆ ಕೂರಿಸುವ ಏರ್ಪಾಡೂ ಅದರೊಂದಿಗೇ ಇರಲಿ. ಜೊತೆಗೆ, ಇಲ್ಲಿ ತಯಾರಾಗುವ ಪ್ರತಿ ಬಟ್ಟೆಯ ಮೂಲೆಯಲ್ಲಿ ಊರು, ಇಸವಿ ಮತ್ತು ಹೊಲಿದವಳ ಹೆಸರು ಅವಳದೇ ಹೊಲಿಗೆಯಲ್ಲಿ ಇರಲಿ. ತಿರಾಝಿನಲ್ಲಿ ಬಿಟ್ಟುಹೋದದ್ದು ನಮ್ಮಲ್ಲಿ ಬಿಟ್ಟುಹೋಗದಿರಲಿ.

ತಾಯಂದಿರೆ, ಈ ವಾರ ಕರವಸ್ತ್ರದಷ್ಟು ಬಟ್ಟೆಯಿಂದ ಆರಂಭಿಸಿ. ಮೊದಲು ನಿಮ್ಮ ಹೆಸರನ್ನೇ ಹೊಲಿಯಿರಿ. ಬರೆಯಲು ಬಾರದಿದ್ದರೆ ಮಗಳ ಕೈಯಲ್ಲಿ ಬರೆಸಿಕೊಂಡು ಅದರ ಮೇಲೆ ಸೂಜಿ ಆಡಿಸಿ.